ಮೈಕ್ ಮುಂದೆ, ಸನಾದಿ ಹಿಂದೆ: ದಾರಿ ತಪ್ಪಿದ ವಾಜಂತ್ರಿ

ಮುರಗೋಡ: ಮದುವೆ, ಜಾತ್ರೆಗಳ ಮೆರವಣಿಗೆಗೆ ವಾಜಂತ್ರಿಯೇ ಮುಂದಾಳು ಎಂಬ ಮಾತು ಬೈಲಹೊಂಗಲ, ಸವದತ್ತಿ, ಕಿತ್ತೂರು ಸೀಮೆಯಲ್ಲಿ ಹಳತಾಗುತ್ತಿದೆ. ಸನಾದಿ, ಕರಡಿ, ತಾಳಗಳ ಕರಡಿ ಮಜಲಾಗಲಿ, ಕ್ಲಾರಿಯೋನೆಟ್-ಟ್ರಂಪೆಟ್‌ಗಳ ಬ್ಯಾಂಡ್ ಕಂಪನಿಯಾಗಲಿ, ಹಾಡುಗಾರರ ಹಂಗಿಲ್ಲದೆ ಗಂಟೆಗಟ್ಟಲೆ ಜನರನ್ನು ಹಿಡಿದು ನಿಲ್ಲಿಸುತ್ತಿದ್ದವು. ಈಗ ಅನೇಕ ಮೇಳಗಳ ಮುಂದೆ ಧ್ವನಿಪೆಟ್ಟಿಗೆಗಳನ್ನು ಹೇರಿದ ಗಾಡಿ, ಅದರ ಪಕ್ಕದಲ್ಲಿ ಮೈಕ್ ಹಿಡಿದ ಗಾಯಕ. ಸನಾದಿ ಉಳಿದಿದ್ದರೆ ಎರಡು ಚರಣಗಳ ನಡುವಣ ಬಿಡುವು ತುಂಬುವುದಕ್ಕೆ ಮಾತ್ರ.

ಇದನ್ನು ಅಭಿರುಚಿಯ ಪತನವೆಂದು ಹಳಿಯುವುದು ಸುಲಭ. ಮುಖ್ಯ ಕಾರಣ ಇರುವುದು ಲೆಕ್ಕಾಚಾರದಲ್ಲಿ. ಹತ್ತು-ಹನ್ನೆರಡು ಮಂದಿಯ ಬ್ಯಾಂಡಿನ ಕೆಲಸವನ್ನು ಕೀಬೋರ್ಡ್, ರಿದಂ ಪ್ಯಾಡ್, ಬೆಂಜೊ ಮತ್ತು ಗಾಯಕ ಸೇರಿ ನಾಲ್ಕೈದು ಮಂದಿ ಪೂರೈಸುತ್ತಾರೆ. ಬೀಗರ ಫರ್ಮಾಯಿಶಿಯೂ ಮೊಬೈಲ್‌ನಲ್ಲಿ ಕೇಳಿದ ಸಿನಿಮಾ ಹಾಡಿಗೆ, ಇಲ್ಲವೇ ‘ಜಾನಪದ ಡಿಜೆ’ಗೆ. ರಾಗದ ಹೆಸರು ತಿಳಿಯದವರು ರಾಗವನ್ನು ಕೇಳಿ ಪಡೆಯುವುದಾದರೂ ಹೇಗೆ?

ಬ್ಯಾಂಡ್ ಕಂಪನಿಗಳು ಮೊದಲೂ ಸಿನಿಮಾ ಹಾಡುಗಳನ್ನೇ ನುಡಿಸುತ್ತಿದ್ದವಲ್ಲ ಎಂಬ ವಾದವಿದೆ. ಅದು ನಿಜ. ಆದರೆ ಪದವಿಲ್ಲದೆ ನುಡಿಸುವಾಗ ಧಾಟಿ ವಾದಕನದಾಗುತ್ತಿತ್ತು. ಎಲ್ಲಿ ಸ್ವರ ಎಳೆಯಬೇಕು, ಎಲ್ಲಿ ಚರ್ಮವಾದ್ಯಕ್ಕೆ ಜಾಗ ಬಿಡಬೇಕು, ಕುಣಿಯುವವರ ಹುರುಪು ನೋಡಿ ಲಯವನ್ನು ಎಷ್ಟು ಏರಿಸಬೇಕು ಎಂಬುದೆಲ್ಲ ಅವನ ತೀರ್ಮಾನ. ಗಾಯಕ ಬಂದೊಡನೆ ಹಾಡು ಧ್ವನಿಮುದ್ರಿಕೆಯ ಅಳತೆಗೆ ಮರಳುತ್ತದೆ; ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ.

ಕಂಠ ಮತ್ತು ವಾದ್ಯಕ್ಕೆ ವೈರವೇನಿಲ್ಲ. ಡಾ. ರಾಜ್‌ಕುಮಾರ್ ಅಭಿನಯದ ‘ಸನಾದಿ ಅಪ್ಪಣ್ಣ’ (1977) ಚಿತ್ರಕ್ಕೆ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಅದರ ಜನಪ್ರಿಯ ಗೀತೆಯಲ್ಲಿ ಎಸ್. ಜಾನಕಿಯವರ ಕಂಠ ಹಾಗೂ ಖಾನರ ಶಹನಾಯಿ ಒಂದನ್ನೊಂದು ಅಡಗಿಸದೆ ಸಾಗುತ್ತವೆ. ಅಂಥ ಸಮಪಾಲು ಇಂದಿನ ಮೆರವಣಿಗೆಯಲ್ಲಿ ಇಲ್ಲ.

ವಾದ್ಯಮೇಳ ಕಂಠಕ್ಕೆ ಶರಣಾಗುವುದು ಈ ಸೀಮೆಯದಷ್ಟೇ ಕಥೆಯೂ ಅಲ್ಲ. ಅಮೆರಿಕದ ಹ್ಯೂಸ್ಟನ್ನಿನ ‘ಜಾಝ್ ಕ್ರುಸೇಡರ್ಸ್’ ತಂಡ 1971ರಲ್ಲಿ ಹೆಸರಿನಿಂದ ‘ಜಾಝ್’ ಕೈಬಿಟ್ಟಿತು. 1979ರಲ್ಲಿ ರ್‍ಯಾಂಡಿ ಕ್ರಾಫರ್ಡ್ ಕಂಠದ ‘ಸ್ಟ್ರೀಟ್ ಲೈಫ್’ ಅದಕ್ಕೆ ಹಿಂದೆಂದೂ ಕಾಣದ ಜನಪ್ರಿಯತೆ ತಂದಿತು. ಆಲ್ಬಂನಲ್ಲಿ 11 ನಿಮಿಷ ದಾಟುವ ಆ ಹಾಡಿನಲ್ಲಿ ವಾದಕರಿಗಿನ್ನೂ ಅವಕಾಶವಿತ್ತು. ಮುಂದೆ ಅತಿಥಿ ಗಾಯಕರು ರೂಢಿಯಾದರು: 1980ರಲ್ಲಿ ಬಿಲ್ ವಿದರ್ಸ್, 1981ರಲ್ಲಿ ಜೋ ಕಾಕರ್. ಹಳೆಯ ಅಭಿಮಾನಿಗಳಿಗೆ ಇದು ನಿರಾಸೆ ತಂದಿದ್ದರೂ, ತಂಡದ ಹಿಂದಿನ ವಾದನವೆಲ್ಲ ಧ್ವನಿಮುದ್ರಿಕೆಗಳಲ್ಲಿ ಭದ್ರವಾಗಿದೆ.

ಇಲ್ಲಿನ ವಾದಕರಿಗೆ ಆ ಭಾಗ್ಯವಿಲ್ಲ. ಉತ್ತರ ಕರ್ನಾಟಕದಲ್ಲಿ ಸನಾದಿ ಬಹುತೇಕ ಭಜಂತ್ರಿ ಮನೆತನಗಳ ವಿದ್ಯೆ. ತಂದೆಯಿಂದ ಮಗನಿಗೆ ಬಂದದ್ದೇ ಹೆಚ್ಚು. ಗಲ್ಲದಲ್ಲಿ ಗಾಳಿ ಹಿಡಿದು, ಮೂಗಿನಿಂದ ಉಸಿರೆಳೆಯುತ್ತ, ನಾದ ತುಂಡಾಗದಂತೆ ನುಡಿಸಲು ವರ್ಷಗಳ ಸಾಧನೆ ಬೇಕು. ಚರಣಗಳ ನಡುವಿನ ಅರೆನಿಮಿಷಕ್ಕಾಗಿ ಅಷ್ಟು ವರ್ಷ ಕಳೆಯಲು ಮಗ ಒಪ್ಪದಿದ್ದರೆ ಅವನನ್ನು ದೂಷಿಸುವಂತಿಲ್ಲ. ಕೀಬೋರ್ಡ್‌ನಲ್ಲಿ ಸನಾದಿಯ ದನಿ ಒಂದು ಗುಂಡಿ ಒತ್ತಿದರೆ ಸಿಗುತ್ತದೆ, ಉಸಿರಿಲ್ಲದ ದನಿಯಾದರೂ.

ಸರ್ಕಾರಿ ಉತ್ಸವಗಳಲ್ಲಿ ಕರಡಿ ಮಜಲಿಗೆ ಸ್ಥಾನವಿದೆ, ನಿಜ. ಆದರೆ ಅದು ಮೆರವಣಿಗೆಯಲ್ಲಿ. ಸಂಜೆಯ ಮುಖ್ಯ ವೇದಿಕೆ ಹೆಚ್ಚಾಗಿ ಹೆಸರಾಂತ ಗಾಯಕರದು. ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ಕಿತ್ತೂರು ಉತ್ಸವದ ವೇದಿಕೆಯಲ್ಲಿ ಒಂದು ಮೇಳವನ್ನು ಗಾಯಕರಿಲ್ಲದೆ ಒಂದು ಗಂಟೆ ಕೂರಿಸಲು ಹೊಸ ಯೋಜನೆಯಾಗಲಿ, ದೊಡ್ಡ ಅನುದಾನವಾಗಲಿ ಬೇಕಿಲ್ಲ. ಸಂಘಟಕರು ಕಾರ್ಯಕ್ರಮ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು.