ಹೆಸರು ಹಾಕುವ ಮುನ್ನ

ನಮ್ಮ ಮಸ್ಕಿಯ ಬಂಡೆಗಲ್ಲಿನ ಶಾಸನವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಚಿನ್ನದ ಗಣಿಯ ಇಂಜಿನಿಯರರಾಗಿದ್ದ ಬೀಡನ್ ಎಂಬವರು ಅದನ್ನು 1915ರಲ್ಲಿ ಕಂಡುಹಿಡಿದರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ದೊರೆಯ ಬಿರುದುಗಳಿದ್ದವೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಮಸ್ಕಿಯ ಕಲ್ಲು ಆ ಹೆಸರನ್ನು ಹೇಳಿತು. ಆದರೆ ಉಳಿ ಹಿಡಿದು ಅಕ್ಷರ ಕೊರೆದವನು ಯಾರೆಂಬುದು ಅಲ್ಲಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಾದರೋ, ಚಪಡನೆಂಬ ಲಿಪಿಕಾರನ ಹೆಸರು ಶಾಸನದ ಕೊನೆಯಲ್ಲಿ ಉಂಟು. ದುಡಿದವನ ಹೆಸರು ಉಳಿದರೆ ನಮಗೆ ಸಂತೋಷವಾಗುವುದು ಸಹಜ.

ಈ ಸಂತೋಷವೇ ಇಂದು ಓಪನ್ ಸೋರ್ಸ್ ಎಂದು ಕರೆಯಲಾಗುವ ಮುಕ್ತ ತಂತ್ರಾಂಶಗಳಲ್ಲಿಯೂ ಇದೆ. ಅಲ್ಲಿ ಸಾವಿರಾರು ಜನ ಸಂಬಳವಿಲ್ಲದೆ ದುಡಿಯುತ್ತಾರೆ. ಕೆಲವರು ಪ್ರೋಗ್ರಾಂ ಬರೆಯುತ್ತಾರೆ, ಕೆಲವರು ತಪ್ಪು ತೋರಿಸುತ್ತಾರೆ, ಇನ್ನು ಕೆಲವರು ಕನ್ನಡಕ್ಕೆ ಅನುವಾದಿಸುತ್ತಾರೆ. ಅಂಥವರ ಹೆಸರುಗಳನ್ನು ಪಟ್ಟಿ ಮಾಡಿ ಕೃತಜ್ಞತೆ ಸಲ್ಲಿಸುವುದು ಒಳ್ಳೆಯ ವಾಡಿಕೆ. ಆದರೆ ಅವರನ್ನು ಕೇಳದೆಯೇ ಹಾಗೆ ಮಾಡುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಲಿಂಗಸುಗೂರಿನ ಕಡೆಯ ಒಬ್ಬ ವಿದ್ಯಾರ್ಥಿನಿ ಹೀಗೆ ನೂರು ವಾಕ್ಯಗಳನ್ನು ಅನುವಾದಿಸಿದಳೆಂದು ಭಾವಿಸೋಣ. ತಂತ್ರಾಂಶವನ್ನು ನಡೆಸುವವರು ಸದುದ್ದೇಶದಿಂದಲೇ ಅವಳ ಪೂರ್ಣ ಹೆಸರು, ಊರು, ಇ-ಮೇಲ್ ವಿಳಾಸಗಳನ್ನು ಪ್ರಕಟಿಸಿದರು. ಮರುದಿನದಿಂದ ಅಪರಿಚಿತರ ಪತ್ರಗಳು ಬರತೊಡಗಿದರೆ, ಮನೆಯಲ್ಲಿ ಅಣ್ಣ ‘ನಿನ್ನ ವಿಳಾಸ ಅವರಿಗೆ ಯಾರು ಕೊಟ್ಟರು?’ ಎಂದು ಕೇಳಿದರೆ, ಅವಳ ಕಲಿಕೆಯೇ ಅಲ್ಲಿಗೆ ನಿಂತೀತು. ಕೃತಜ್ಞತೆ ಅವಳಿಗೆ ದಂಡವಾಗಿ ಪರಿಣಮಿಸಿದಂತಾಯಿತಷ್ಟೆ.

ಆಮೇಲೆ ಅಳಿಸಿದರಾಯಿತಲ್ಲವೇ ಎಂದು ಕೆಲವರು ಕೇಳಬಹುದು. ಪಟ್ಟಿಯಿಂದ ಅಳಿಸಬಹುದು. ಆದರೆ 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ರಚಿಸಿದ ಗಿಟ್ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಂದು ತಿದ್ದುಪಡಿಯೊಡನೆ ಕರ್ತೃವಿನ ಹೆಸರೂ ಇ-ಮೇಲೂ ದಾಖಲಾಗುತ್ತವೆ. ಒಂದು ದಾಖಲೆಯನ್ನು ತಿದ್ದಿದರೆ ಅದರ ಮುಂದಿನ ಎಲ್ಲ ದಾಖಲೆಗಳ ಗುರುತೂ ಬದಲಾಗುತ್ತದೆ. ಅಷ್ಟರಲ್ಲಿ ಎಷ್ಟೋ ಜನರು ಪ್ರತಿ ಮಾಡಿಕೊಂಡಿರುತ್ತಾರೆ. ಇದೂ ಒಂದು ಬಗೆಯ ಶಿಲಾಶಾಸನವೇ.

ಬಹಿರಂಗವಾಗಿ ಕೆಲಸ ಮಾಡುವವರಿಗೆ ಗೋಪ್ಯವೇಕೆ ಎಂಬ ಆಕ್ಷೇಪಣೆಯೂ ಇದೆ. ಕೆಲಸ ಬಹಿರಂಗವಾದ ಮಾತ್ರಕ್ಕೆ ಮನುಷ್ಯನ ವಿಳಾಸವೂ ಬಹಿರಂಗವಾಗಬೇಕಾಗಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ಕ್ರಿಯೇಟಿವ್ ಕಾಮನ್ಸ್‌ನ 4.0ನೆಯ ಪರವಾನಗಿಗಳು ಕರ್ತೃವಿನ ಹೆಸರು ಹೇಳಬೇಕೆಂದು ವಿಧಿಸಿದರೂ, ಆತನು ಗುಪ್ತನಾಮ ಬಯಸಿದರೆ ಅದನ್ನೇ ಬಳಸಬೇಕೆಂದೂ, ಹೆಸರು ಬೇಡವೆಂದರೆ ಸಾಧ್ಯವಾದಷ್ಟು ಮಟ್ಟಿಗೆ ತೆಗೆಯಬೇಕೆಂದೂ ಹೇಳುತ್ತವೆ.

ಹಾಗೆಂದು ಹೆಸರುಗಳನ್ನೇ ಕೈಬಿಡುವುದೂ ತರವಲ್ಲ. ಎಷ್ಟೋ ಬಡ ವಿದ್ಯಾರ್ಥಿಗಳಿಗೆ ನೌಕರಿ ಹುಡುಕುವಾಗ ಆ ಹೆಸರೇ ಆಧಾರ. ಆದುದರಿಂದ ಮೊದಲೇ ಒಂದು ಮಾತು ಕೇಳಬೇಕು: ‘ತಮ್ಮ ಹೆಸರನ್ನು ಹಾಕಬಹುದೇ? ಹೇಗೆ ಹಾಕಬೇಕು?’ ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆಯೆಂದು ತಿಳಿಯಬಾರದು. ಮನಸ್ಸು ಬದಲಾಯಿಸಿದವರಿಗೆ ದಾರಿಯೂ ತೆರೆದಿರಬೇಕು.

ಈ ಮಾತು ಕಂಪ್ಯೂಟರ್ ಬಲ್ಲವರಿಗೆ ಮಾತ್ರವಲ್ಲ. ನಾಳೆ ನಾವೇ ಸಿಂಧನೂರಿನ ಹಳ್ಳಿಗಳಿಗೆ ಹೋಗಿ, ಹಂತಿಯ ಹಾಡುಗಳನ್ನು ಅಜ್ಜಂದಿರ ಬಾಯಿಂದ ಬರೆದುಕೊಂಡು ಎಲ್ಲರಿಗೂ ಮುಕ್ತವಾಗಿ ಒದಗಿಸಬಹುದು. ಅವರ ಹೆಸರು ಬಿಟ್ಟರೆ ಕೃತಘ್ನತೆ. ಕೇಳದೆ ಹಾಕಿದರೆ ಅತಿಕ್ರಮಣ. ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತು ‘ಯಜ್ಜಾ, ನಿಮ್ಮ ಹೆಸರು ಬರೀಲೇನು?’ ಎಂದು ಕೇಳಲು ಎಷ್ಟು ಹೊತ್ತು ಬೇಕು? ಸಹಪಾಠಿಗಳು ಯೋಚಿಸುವರೆಂದು ನಂಬಿದ್ದೇನೆ.