ಓಟ ನಮ್ಮದು, ಲೆಕ್ಕವೂ ನಮ್ಮದಿರಲಿ



ಚೆನ್ನಾಗಿ ಓಡಿದರೆ ಸಾಕು, ಯಾರಾದರೂ ಬಂದು ಕೈಹಿಡೀತಾರೆ ಅಂತ ಕಾಯೋರು ಎಲ್ಲ ಕಡೆ ಇದ್ದಾರೆ. ಅಮೆರಿಕದಲ್ಲೂ ಕಾಲೇಜು ಕೋಚ್ ತಾನಾಗಿ ಹುಡುಕಿ ಬರೋದು ಕೆಲವೇ ಮಂದಿಗೆ. ಉಳಿದ ಹೈಸ್ಕೂಲ್ ಆಟಗಾರರು ತಾವೇ ಬರೀತಾರೆ: ಓಡಿದ ಸಮಯ, ಪರೀಕ್ಷೆಯ ಅಂಕ, ಆಟದ ಚಿಕ್ಕ ವಿಡಿಯೊ, ಮುಂದಿನ ಪಂದ್ಯದ ದಿನ.

ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಒಂದನೇ, ಎರಡನೇ ಡಿವಿಷನ್‌ಗಳಲ್ಲಿ ಆಟಕ್ಕೆ ಸ್ಕಾಲರ್‌ಷಿಪ್ ಉಂಟು, ಮೂರನೇದರಲ್ಲಿ ಇಲ್ಲ. ಒಂದನೇ ಡಿವಿಷನ್‌ಗೆ ಕಾಲು ಗಟ್ಟಿಯಿದ್ದರೆ ಸಾಲದು. ನಿಗದಿತ 16 ಪಾಠ ಮುಗಿಸಿ, 4ಕ್ಕೆ ಕನಿಷ್ಠ 2.3 ಸರಾಸರಿ ಅಂಕ ಪಡೆದಿರಬೇಕು.

ಉಳ್ಳವರ ಮಕ್ಕಳಿಗೆ ಈ ಪತ್ರ, ವಿಡಿಯೊ ಎಲ್ಲ ದುಡ್ಡು ತಗೊಂಡು ಮಾಡಿಕೊಡೋರಿದ್ದಾರೆ. ಮೈಸೂರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ 2006ರಲ್ಲಿ ಅಲ್ಲಿನ ಕಾಲೇಜು ಡಿಸ್ಕಸ್ ಚಾಂಪಿಯನ್ ಆದರು. ಅವರ ತಂದೆಯೇ ಕೋಚ್. ನಮ್ಮ ಮನೆಗಳಲ್ಲಿ ದಾರಿ ಹೇಳೋರು ಯಾರಿದ್ದಾರೆ?

ಆ ಬಾಗಿಲು ಹೊರದೇಶದವರಿಗೂ ತೆರೆದಿದೆ. ಹಾಸ್ಟೆಲಿನ ಹುಡುಗ ಹುಡುಗಿಯರೆ, ಇವತ್ತೇ ನೋಟ್‌ಬುಕ್ ತೆಗೀರಿ. ತಾರೀಕು, ಮೈದಾನ, ಸಮಯ ಬರೆದಿಡಿ. ಸುಳ್ಳು ಒಂದಕ್ಷರ ಬೇಡ. ನಮ್ಮ ಸಾಮರ್ಥ್ಯವನ್ನು ನಾವೇ ಹೇಳಿಕೊಳ್ಳೋದು ಜಂಬವಲ್ಲ, ಭಿಕ್ಷೆಯೂ ಅಲ್ಲ. ಹೇಳದೆ ಕೂತರೆ ನಮ್ಮ ಜಾಗದಲ್ಲಿ ಇನ್ನೊಬ್ಬರು ಓಡ್ತಾರೆ.