ಕಾಲು ಕಡಿಯಲು ಹಣವಿದೆ, ಕಾಲು ಉಳಿಸುವ ಕಟ್ಟಿಗೆ?

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ದೇಶವ್ಯಾಪಿ ಮಧುಮೇಹ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾದಾಗ ಕೇರಳದ ಹೆಸರು ಮೊದಲ ಮೂರು ಸ್ಥಾನಗಳಲ್ಲಿ ಕಾಣಿಸಿಕೊಂಡಿತು. ಸಾಕ್ಷರತೆ, ಶಿಶುಮರಣದ ಇಳಿಕೆ ಮುಂತಾದ ಪಟ್ಟಿಗಳಲ್ಲಿ ಮುಂದಿದ್ದು ಅಭ್ಯಾಸವಾದ ರಾಜ್ಯಕ್ಕೆ ಇದು ಹೆಮ್ಮೆ ಪಡುವ ಸ್ಥಾನವಲ್ಲ. 20 ವರ್ಷ ಮೀರಿದವರಲ್ಲಿ ಸಕ್ಕರೆ ಕಾಯಿಲೆ ಇರುವವರು ದೇಶದಲ್ಲಿ ಶೇಕಡಾ 11.4 ಆದರೆ ಗೋವಾದಲ್ಲಿ 26.4, ಪುದುಚೇರಿಯಲ್ಲಿ 26.3, ಕೇರಳದಲ್ಲಿ 25.5. ಅಂದರೆ ಮದುವೆಯ ಪಂಕ್ತಿಯಲ್ಲಿ ಕುಳಿತ ನಾಲ್ವರು ದೊಡ್ಡವರಲ್ಲಿ ಒಬ್ಬರು ಮಧುಮೇಹಿ. ಪಾಯಸ ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುವವರ ಸಂಖ್ಯೆ ಹೆಚ್ಚಿರುವುದು ಸುಮ್ಮನೆ ಅಲ್ಲ.

ಈ ಅಂಕಿಗಳ ಬಗೆಗೆ ಬೇಕಾದಷ್ಟು ಭಾಷಣಗಳು ನಡೆದಿವೆ. ಅನ್ನ ಕಡಿಮೆ ಮಾಡಿ, ಬೆಳಿಗ್ಗೆ ನಡೆಯಿರಿ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂಬ ಉಪದೇಶಗಳಿಗೆ ಬರಗಾಲವಿಲ್ಲ. ಆದರೆ ಈ ಕಾಯಿಲೆ ಮನುಷ್ಯನನ್ನು ದುಡಿಮೆಯಿಂದ ಕೆಡವುವ ಒಂದು ಮುಖ್ಯ ಸ್ಥಳ ಅಂಗಾಲು. ಅದನ್ನು ಬಗ್ಗಿ ನೋಡುವವರು ಕಡಿಮೆ. ಮಧುಮೇಹಿಗಳ ಕಾಲು ಕತ್ತರಿಸಬೇಕಾಗಿ ಬಂದ ಪ್ರಕರಣಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚಿನವು ಮೊದಲಿಗೆ ಒಂದು ಚಿಕ್ಕ ಹುಣ್ಣಿನಿಂದಲೇ ಪ್ರಾರಂಭವಾದವು ಎಂಬುದು ವೈದ್ಯಲೋಕ ಒಪ್ಪಿದ ಸಂಗತಿ. ಆ ಹುಣ್ಣನ್ನು ಮಾಯಿಸಲು ಏನು ಬೇಕೆಂಬುದೂ ಗೊತ್ತಿಲ್ಲದ್ದೇನಲ್ಲ. ಗೊತ್ತಿರುವುದು ರೋಗಿಯ ಕಾಲಿನವರೆಗೆ ಏಕೆ ತಲಪುತ್ತಿಲ್ಲ ಎಂಬುದನ್ನು ನಾವು ಇಲ್ಲಿ ಪರಿಶೀಲಿಸಬೇಕಾಗಿದೆ.

ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಏರಿ ನಿಂತರೆ ಪಾದದ ನರಗಳು ಸತ್ವ ಕಳೆದುಕೊಳ್ಳುತ್ತವೆ. ಮೊದಲು ಜೋಮು, ಉರಿ. ಕೊನೆಗೆ ಏನೂ ಇಲ್ಲ. ಈ 'ಏನೂ ಇಲ್ಲ' ಎಂಬ ಸ್ಥಿತಿಯೇ ಅಪಾಯದ್ದು. ನಮಗೆ ಕಲ್ಲು ಚುಚ್ಚಿದರೆ ಕುಂಟುತ್ತೇವೆ, ಆ ಜಾಗವನ್ನು ನೆಲಕ್ಕೆ ತಾಗಿಸದೆ ಹೆಜ್ಜೆ ಇಡುತ್ತೇವೆ. ಕುಂಟುವುದು ಶರೀರವು ತಾನಾಗಿ ಮಾಡಿಕೊಳ್ಳುವ ಚಿಕಿತ್ಸೆ. ನೋವಿಲ್ಲದವನು ಕುಂಟುವುದಿಲ್ಲ. ಹೆಬ್ಬೆರಳ ಬುಡದಲ್ಲಿ ಚರ್ಮ ಜಡ್ಡುಗಟ್ಟುತ್ತದೆ, ಆ ಜಡ್ಡೇ ಚಪ್ಪಲಿಯೊಳಗಿನ ಕಲ್ಲಿನಂತೆ ಒಳಗಿನ ಮಾಂಸವನ್ನು ಒತ್ತುತ್ತದೆ, ಒಂದು ದಿನ ಒಡೆದು ಹುಣ್ಣಾಗುತ್ತದೆ. ಆತ ಅದರ ಮೇಲೆಯೇ ನಿಂತು ಕಂಗಿಗೆ ಮದ್ದು ಬಿಡಿಸುತ್ತಾನೆ, ಅಂಗಳದಲ್ಲಿ ಅಡಿಕೆ ಹರವುತ್ತಾನೆ.

ಇಂಥವರಿಗೆ ಸಾಮಾನ್ಯವಾಗಿ ದೊರೆಯುವ ಉಪಚಾರವೆಂದರೆ ಗಾಯ ತೊಳೆದು ಬಟ್ಟೆ ಕಟ್ಟುವುದು, ಗುಳಿಗೆ ಬರೆದುಕೊಡುವುದು, 'ಕಾಲು ಊರಬೇಡಿ' ಎಂದು ಹೇಳಿ ಕಳುಹಿಸುವುದು. ರೋಗಿ ಆ ಬಟ್ಟೆ ಕಟ್ಟಿದ ಕಾಲನ್ನೇ ಊರಿಕೊಂಡು ಬಸ್ ನಿಲ್ದಾಣಕ್ಕೆ ನಡೆಯುತ್ತಾನೆ, ಬೇರೆ ಉಪಾಯವೇನಿದೆ? ಒತ್ತಡವೆಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ನಾವು ಅಧ್ಯಾಪಕರು ಮಕ್ಕಳಿಗೆ ಕಲಿಸುತ್ತೇವೆ. 60 ಕಿಲೋ ತೂಕದ ಮನುಷ್ಯ ಹೆಜ್ಜೆ ಎತ್ತುವ ಗಳಿಗೆಯಲ್ಲಿ ಅಷ್ಟೂ ಭಾರ ಬೆರಳ ಬುಡದ ನಾಣ್ಯದಗಲದ ಜಾಗಗಳ ಮೇಲೆ ಬೀಳುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆ. ಮುಲಾಮು ಎಷ್ಟೇ ಬೆಲೆಯದ್ದಾಗಿರಲಿ, ಈ ಲೆಕ್ಕದ ಮುಂದೆ ಏನು ಮಾಡೀತು?

ಲೆಕ್ಕಕ್ಕೆ ಉತ್ತರ ಪ್ಲಾಸ್ಟರಿನಲ್ಲಿದೆ. ಮೂಳೆ ಮುರಿದವರಿಗೆ ಹಾಕುವ ಅದೇ ಪ್ಲಾಸ್ಟರು. ಆದರೆ ಹಾಕುವ ಕ್ರಮ ಬೇರೆ. ಗಂಟು, ಮೂಳೆ ಉಬ್ಬಿದ ಕಡೆಗಳಿಗೆ ಮೆತ್ತೆ ಇಟ್ಟು, ಪಾದದ ತಗ್ಗು ಉಬ್ಬುಗಳಿಗೆಲ್ಲ ಅಂಟಿಕೊಳ್ಳುವಂತೆ ಬೆರಳಿನಿಂದ ಮೊಣಕಾಲಿನ ಕೆಳಗಿನವರೆಗೆ ಕಟ್ಟುತ್ತಾರೆ. ಆಗ ಮೈಯ ಭಾರ ಒಂದೇ ಬಿಂದುವಿನ ಮೇಲೆ ಬೀಳದೆ ಇಡೀ ಅಂಗಾಲಿಗೆ ಹಂಚಿಹೋಗುತ್ತದೆ. ಒಂದು ಪಾಲನ್ನು ಮೀನಖಂಡದ ಸುತ್ತಲಿನ ಪ್ಲಾಸ್ಟರಿನ ಗೋಡೆಯೇ ಹೊರುತ್ತದೆ. ಕಣಕಾಲು ಮಡಿಯದ ಕಾರಣ ಹೆಜ್ಜೆಯೂ ಗಿಡ್ಡವಾಗುತ್ತದೆ. ಬಾವು ಇಳಿದು ಕಟ್ಟು ಸಡಿಲಾಗುವುದರಿಂದ ಮೊದಲ ಸಲ ಕೆಲವೇ ದಿನಗಳಲ್ಲಿ, ಅನಂತರ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಬಿಚ್ಚಿ ಹೊಸತು ಹಾಕಬೇಕು. ತಿಂಗಳುಗಟ್ಟಲೆ ಸೋರುತ್ತಿದ್ದ ಹುಣ್ಣು ಹೀಗೆ ಆರು ಎಂಟು ವಾರಗಳಲ್ಲಿ ಮಾಯುವುದು ಸಾಮಾನ್ಯ. ರೋಗಿ ಆ ಕಾಲಿನ ಮೇಲೆ ಅಲ್ಪಸ್ವಲ್ಪ ನಡೆದಾಡಿಕೊಂಡೇ ಇರಬಹುದು ಎಂಬುದು ಇದರ ವಿಶೇಷ.

ಇದು ಪರದೇಶದಿಂದ ಬಂದ ಹೊಸ ಸರಕೆಂದು ಯಾರೂ ಭಾವಿಸಬೇಕಾಗಿಲ್ಲ. 1930ರ ದಶಕದಲ್ಲಿ ಸಿಲೋನಿನಲ್ಲಿಯೂ ಭಾರತದಲ್ಲಿಯೂ ಕುಷ್ಠರೋಗಿಗಳ ಅಂಗಾಲು ಹುಣ್ಣಿಗೆ ವೈದ್ಯರು ಪ್ಲಾಸ್ಟರು ಹಾಕಿ ನೋಡಿದ್ದರು. ಅದನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರು ಡಾ. ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಮಿಶನರಿ ದಂಪತಿಗಳ ಮಗನಾಗಿ ಹುಟ್ಟಿದ ಇವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಯ ಮಾಂಸವೇ ಕೊಳೆತದ್ದು, ಅದು ಮಾಯದು ಎಂದು ಆ ಕಾಲದಲ್ಲಿ ನಂಬಿಕೆ. ಮಾಂಸದಲ್ಲಿ ದೋಷವಿಲ್ಲ, ನೋವಿನ ಅರಿವು ಇಲ್ಲದಿರುವುದೇ ದೋಷ. ಒತ್ತಡ ತಪ್ಪಿಸಿದರೆ ಅವರ ಹುಣ್ಣೂ ಎಲ್ಲರದರಂತೆ ಮಾಯುತ್ತದೆ ಎಂದು ಬ್ರ್ಯಾಂಡರು ತೋರಿಸಿಕೊಟ್ಟರು. 1966ರಲ್ಲಿ ಅಮೆರಿಕದ ಲೂಯಿಸಿಯಾನಾದ ಕಾರ್ವಿಲ್ ಕುಷ್ಠರೋಗಾಸ್ಪತ್ರೆಗೆ ಅವರು ಹೋದಾಗ ಈ ವಿದ್ಯೆಯೂ ಜತೆಗೆ ಹೋಯಿತು. ಮಧುಮೇಹಿಯ ಮರಗಟ್ಟಿದ ಪಾದವೂ ಕುಷ್ಠರೋಗಿಯ ಪಾದವೂ ಈ ವಿಷಯದಲ್ಲಿ ಒಂದೇ ಎಂದು ಅಮೆರಿಕದ ವೈದ್ಯರು ಮನಗಂಡದ್ದು ಅಲ್ಲಿಂದ. ವೆಲ್ಲೂರು ಇಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣ. ಅಲ್ಲಿ ಬೆಳೆದ ವಿದ್ಯೆ ಲೂಯಿಸಿಯಾನಾ ತಲಪಿತು. ಉಪ್ಪಳ, ಬದಿಯಡ್ಕದ ರೋಗಿಗೆ ಅದರ ಹೆಸರೂ ತಿಳಿಯದು.

ಫಲದ ಬಗ್ಗೆ ಸಂಶಯವಿದ್ದವರು 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯನ್ನು ನೋಡಬಹುದು. ಅಂಗಾಲು ಹುಣ್ಣಿನ 63 ಮಧುಮೇಹಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಪ್ಲಾಸ್ಟರು, ಇನ್ನೊಂದಕ್ಕೆ ಬೇಕಾದಾಗ ಬಿಚ್ಚಬಹುದಾದ ಉದ್ದದ ಬೂಟು, ಮತ್ತೊಂದಕ್ಕೆ ಮುಂಭಾಗ ನೆಲಕ್ಕೆ ತಾಗದ ಅರ್ಧ ಬೂಟು ಕೊಟ್ಟರು. 12 ವಾರಗಳಲ್ಲಿ ಹುಣ್ಣು ಮಾಯ್ದವರು ಪ್ಲಾಸ್ಟರಿನಲ್ಲಿ ಶೇಕಡಾ 89.5, ಉದ್ದದ ಬೂಟಿನಲ್ಲಿ 65, ಅರ್ಧ ಬೂಟಿನಲ್ಲಿ 58.3. ಯಂತ್ರವಿಟ್ಟು ಅಳೆದರೆ ಒಳ್ಳೆಯ ಉದ್ದದ ಬೂಟು ಪ್ಲಾಸ್ಟರಿನಷ್ಟೇ ಒತ್ತಡ ಇಳಿಸುತ್ತದೆ. ಹಾಗಿದ್ದರೆ ಅಂತರವೇಕೆ? ಉತ್ತರ ಎರಡು ವರ್ಷಗಳ ಅನಂತರ ಬಂತು. ರೋಗಿಗಳ ಸೊಂಟಕ್ಕೂ ಬೂಟಿಗೂ ಹೆಜ್ಜೆ ಎಣಿಸುವ ಉಪಕರಣ ಅಳವಡಿಸಿ ನೋಡಿದಾಗ, ದಿನದ ಹೆಜ್ಜೆಗಳಲ್ಲಿ ಬೂಟು ಧರಿಸಿ ನಡೆದದ್ದು ಶೇಕಡಾ 28 ಮಾತ್ರ ಎಂದು ತಿಳಿಯಿತು. ಉಳಿದದ್ದೆಲ್ಲ ಬೂಟು ಬಿಚ್ಚಿಟ್ಟು ನಡೆದದ್ದು.

ಮನೆಯೊಳಗೂ ಬೂಟು ಹಾಕಿಕೊಳ್ಳುವ ರೂಢಿಯಿರುವ ದೇಶದ ಕಥೆ ಇದು. ನಮ್ಮಲ್ಲೋ, ಚಪ್ಪಲಿ ಎಂದರೆ ಹೊಸ್ತಿಲಿನಾಚೆಯ ವಸ್ತು. ಮನೆ, ದೇವಸ್ಥಾನ, ಮಸೀದಿ, ದೈವದ ಸ್ಥಾನ, ಎಲ್ಲಿಯೂ ಬರಿಗಾಲು. ಸಾವಿರಾರು ರೂಪಾಯಿಯ ಬೂಟನ್ನು ತಂದರೂ ಅದು ಹೊರಗಿನ ಜಗಲಿಯಲ್ಲಿ ಮಳೆಯ ಎರಚಲಿಗೆ ತಾಗದಂತೆ ಜೋಪಾನವಾಗಿ ಇರುತ್ತದೆ. ಒಡೆಯ ಒಳಗೆ ಸಿಮೆಂಟು ನೆಲದ ಮೇಲೆ ಹುಣ್ಣು ಊರಿಕೊಂಡು ಓಡಾಡುತ್ತಾನೆ. ಆದ್ದರಿಂದ ಬಿಚ್ಚಲು ಬಾರದ ಕಟ್ಟು ಅಮೆರಿಕದವರಿಗಿಂತ ನಮಗೇ ಹೆಚ್ಚು ಸರಿ ಎಂಬುದು ನಮ್ಮ ಅಭಿಪ್ರಾಯ. ಮಧುಮೇಹ ಪಾದದ ಅಂತಾರಾಷ್ಟ್ರೀಯ ತಜ್ಞ ಮಂಡಳಿ 2023ರ ಮಾರ್ಗಸೂಚಿಯಲ್ಲಿಯೂ ಪಾದದ ಮುಂಭಾಗ ಮತ್ತು ನಡುಭಾಗದ ಇಂಥ ಹುಣ್ಣಿಗೆ ಮೊದಲ ಆಯ್ಕೆ ಮೊಣಕಾಲಿನವರೆಗಿನ, ಬಿಚ್ಚಲಾಗದ ಸಾಧನವೇ ಎಂದಿದೆ. ಬೂಟಿದ್ದವರು ಅದರ ಮೇಲೆಯೇ ಒಂದು ಸುತ್ತು ಪ್ಲಾಸ್ಟರು ಸುತ್ತಿಸಿಕೊಂಡರೂ ಆಯಿತು. ಅದೂ ಪರೀಕ್ಷಿಸಿ ಒಪ್ಪಿದ ಉಪಾಯವೇ.

ಹಾಗೆಂದು ಹುಣ್ಣು ಕಂಡವರಿಗೆಲ್ಲ ಪ್ಲಾಸ್ಟರು ಹಾಕಲಾಗದು. ಪಾದಕ್ಕೆ ರಕ್ತದ ಹರಿವು ತೀರಾ ಕಡಿಮೆಯಾದವರಿಗೆ, ಕೀವು ಎಲುಬಿಗಿಳಿದವರಿಗೆ, ಜ್ವರ ಬಂದವರಿಗೆ ಅದರ ಚಿಕಿತ್ಸೆ ಮೊದಲು ಆಗಬೇಕು. ಬೆರಳೂರಿ ಪಾದದ ನಾಡಿ ನೋಡುವುದು, ನೈಲಾನ್ ಎಳೆ ಒತ್ತಿ ಅರಿವಿದೆಯೇ ಎಂದು ಕೇಳುವುದು, ಇವಿಷ್ಟು ಐದು ನಿಮಿಷದ ಕೆಲಸ. ತರಬೇತಿಯಿಲ್ಲದವರು ಬಿಗಿದ ಪ್ಲಾಸ್ಟರು ತಾನೇ ಹೊಸ ಹುಣ್ಣು ಮಾಡೀತು. ನೋವಿಲ್ಲದ ಕಾಲಾದ್ದರಿಂದ ಅದು ಗೊತ್ತೂ ಆಗದು. ಒಂದು ಕಾಲು ಎತ್ತರವಾಗುವುದರಿಂದ ಇನ್ನೊಂದಕ್ಕೆ ದಪ್ಪ ಅಟ್ಟೆಯ ಚಪ್ಪಲಿ ಬೇಕು, ಇಲ್ಲವಾದರೆ ಸೊಂಟ ನೋವು, ಬೀಳುವ ಭಯ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಪ್ಲಾಸ್ಟರು ನೆನೆಯದಂತೆ ನೋಡಿಕೊಳ್ಳುವುದೂ ಸಣ್ಣ ಕೆಲಸವಲ್ಲ.

ಇಷ್ಟು ಫಲವಿದ್ದರೂ ಬಳಕೆ ಏಕಿಲ್ಲ? ಇದು ನಮ್ಮ ಹಿಂದುಳಿದಿರುವಿಕೆಯೊಂದೇ ಅಲ್ಲ. 2008ರಲ್ಲಿ ಪ್ರಕಟವಾದ ಸಮೀಕ್ಷೆಯೊಂದಕ್ಕಾಗಿ ಅಮೆರಿಕದ ಚಿಕಿತ್ಸಾಲಯಗಳನ್ನು ವಿಚಾರಿಸಿದಾಗ, ಹೆಚ್ಚಿನ ಹುಣ್ಣುಗಳಿಗೆ ಪ್ಲಾಸ್ಟರನ್ನೇ ಹಾಕುವವರು ನೂರಕ್ಕೆ ಇಬ್ಬರೂ ಇರಲಿಲ್ಲ. ಹಾಕಲು ಹೊತ್ತು ಬೇಕು, ಕೈ ಪಳಗಿರಬೇಕು. ಬೂಟು, ಮುಲಾಮುಗಳನ್ನು ಮಾರಲು ಕಂಪೆನಿಗಳಿವೆ. ಪ್ಲಾಸ್ಟರ್ ಸುರುಳಿಯ ಪರವಾಗಿ ವೈದ್ಯರ ಬಾಗಿಲು ತಟ್ಟುವವರು ಯಾರೂ ಇಲ್ಲ.

ನಮ್ಮಲ್ಲಿ ಇದರ ಮೇಲೆ ಇನ್ನೊಂದು ತೊಡಕಿದೆ. ಆಯುಷ್ಮಾನ್ ಭಾರತ್ ಯೋಜನೆಯೂ ಅದರೊಡನೆ ಜೋಡಿಸಿ 2019ರಲ್ಲಿ ಆರಂಭವಾದ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯೂ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸಾ ವೆಚ್ಚ ಭರಿಸುತ್ತವೆ. ಬಡವರಿಗೆ ಇವು ದೊಡ್ಡ ಆಸರೆ, ಇದರಲ್ಲಿ ಎರಡು ಮಾತಿಲ್ಲ. ಆದರೆ ಇವುಗಳ ಕಣ್ಣು ಇರುವುದು ಆಸ್ಪತ್ರೆಯಲ್ಲಿ ದಾಖಲಾದವರ ಮೇಲೆ. ಕಾಲು ಕತ್ತರಿಸುವ ಶಸ್ತ್ರಕ್ರಿಯೆಗೆ ದಾಖಲಾದರೆ ಹಣ ಬರುತ್ತದೆ. ಎಂಟು ವಾರ ಹೊರರೋಗಿಯಾಗಿ ಬಂದು ಸರದಿಯಲ್ಲಿ ನಿಂತು ಪ್ಲಾಸ್ಟರು ಬದಲಿಸಿಕೊಂಡು ಕಾಲು ಉಳಿಸಿಕೊಂಡವನ ಬಸ್ಸಿನ ಹಣವೂ, ತಪ್ಪಿದ ದಿನಗೂಲಿಯೂ, ಜತೆಗೆ ಬಂದ ಮಗನ ಕೂಲಿಯೂ ಯಾವ ಯೋಜನೆಯ ಲೆಕ್ಕಕ್ಕೂ ಬರುವುದಿಲ್ಲ. ಪ್ಲಾಸ್ಟರಿನ ಸುರುಳಿ ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ಅದರ ಹಿಂದೆ ಮುಂದೆ ನಡೆಯುವ ಪ್ರಯಾಣವೇ ದುಬಾರಿ.

ಹೊಸಂಗಡಿಯಿಂದ ಆಚೆಯವರಿಗೆ, ಪೆರ್ಲ, ಪೈವಳಿಕೆ, ವರ್ಕಾಡಿಯವರಿಗೆ ದೊಡ್ಡ ಕಾಯಿಲೆಯೆಂದರೆ ಮಂಗಳೂರು. ವರ್ಷಕ್ಕೊಮ್ಮೆ ಶಸ್ತ್ರಕ್ರಿಯೆಗಾದರೆ ಅದು ಸರಿ. ವಾರಕ್ಕೊಮ್ಮೆ ಕಟ್ಟು ಬಿಚ್ಚಲು ಮಂಗಳೂರಿಗೆ ಹೋಗಿಬರುವುದು ಎಷ್ಟು ಮಂದಿಯಿಂದ ಸಾಧ್ಯ? ಮೂರನೆಯ ವಾರ ತಪ್ಪುತ್ತದೆ, ನಾಲ್ಕನೆಯ ವಾರ ಕತ್ತಿಯಿಂದ ಮನೆಯಲ್ಲೇ ಬಿಚ್ಚುತ್ತಾರೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದರೆ ಏನಾಗುತ್ತದೆಂಬುದನ್ನು ಈ ಜಿಲ್ಲೆ ಕಂಡಿದೆ. ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ವ್ಯಾಜ್ಯ ಹೋದದ್ದನ್ನೂ ಕಂಡಿದೆ. ಮಹಾಮಾರಿ ಹೋಗಿ ರಸ್ತೆ ತೆರೆದಿದೆ ನಿಜ. ಆದರೆ ವಾರ ವಾರ ಮಾಡಬೇಕಾದ ಚಿಕಿತ್ಸೆ ಊರಿಗೆ ಹತ್ತಿರದಲ್ಲಿಯೇ ಇರಬೇಕೆಂಬ ಪಾಠ ಆ ರಸ್ತೆಯೊಂದಿಗೆ ಮುಗಿದುಹೋಗುವಂಥದ್ದಲ್ಲ.

ಹತ್ತಿರದಲ್ಲಿ ಏನೂ ಇಲ್ಲವೆನ್ನುವಂತಿಲ್ಲ. ಮಂಗಲ್ಪಾಡಿಯಲ್ಲಿ ತಾಲೂಕು ಆಸ್ಪತ್ರೆ, ಕಾಸರಗೋಡಿನಲ್ಲಿ ಜನರಲ್ ಆಸ್ಪತ್ರೆ, ಕಾಞಂಗಾಡಿನಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಗಿ, ಹನ್ನೆರಡು ವರ್ಷ ಕಳೆದು 2025ರಲ್ಲಿ 50 ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ದೊರೆಯಿತು. ಮುರಿದ ಕೈಗೆ ಪ್ಲಾಸ್ಟರು ಹಾಕುವ ಕೋಣೆಯಿದ್ದರೆ ಅಂಗಾಲಿಗೆ ಹಾಕಲು ಹೊಸ ಕಟ್ಟಡವೇನೂ ಬೇಡ. (ನಮ್ಮ ತರಗತಿಗಳಲ್ಲಿ ವರ್ಷಕ್ಕೆ ಮೂರು ನಾಲ್ಕು ಮಕ್ಕಳಾದರೂ ಮಾವಿನ ಮರದ ಕೃಪೆಯಿಂದ ಬಿಳಿ ಕೈಯೊಂದಿಗೆ ಬಂದು ಗೆಳೆಯರೆಲ್ಲರ ರುಜು ಹಾಕಿಸಿಕೊಳ್ಳುತ್ತಾರೆ.) ಬೇಕಾದದ್ದು ಒಬ್ಬ ವೈದ್ಯರಿಗೂ ಇಬ್ಬರು ಸಹಾಯಕರಿಗೂ ತರಬೇತಿ, ವಾರದಲ್ಲಿ ಒಂದು ನಿಗದಿತ ದಿನ, ತಪ್ಪಿಸಿಕೊಂಡವರನ್ನು ಮನೆಗೆ ಹೋಗಿ ವಿಚಾರಿಸಲು ಆಶಾ ಕಾರ್ಯಕರ್ತೆಯ ಕೈಯಲ್ಲಿ ಒಂದು ಪಟ್ಟಿ.

ಇನ್ನೊಂದು, ಭಾಷೆ. ಈ ಚಿಕಿತ್ಸೆಯ ಅರ್ಧ ಭಾಗ ಮಾತಿನಲ್ಲಿದೆ. ನೋವಿಲ್ಲವೆಂದರೆ ಗುಣವಾಯಿತೆಂದಲ್ಲ, ವಾಸನೆ ಬಂದರೆ, ಜ್ವರ ಬಂದರೆ, ಕಟ್ಟು ಸಡಿಲಾದರೆ, ನೆನೆದರೆ ಮುಂದಿನ ವಾರಕ್ಕೆ ಕಾಯದೆ ಬರಬೇಕು. ಇದನ್ನು ಮಲಯಾಳದಲ್ಲಿ ಅಚ್ಚು ಹಾಕಿದ ಚೀಟಿಯಲ್ಲಿ ಕೊಟ್ಟರೆ ಎಣ್ಮಕಜೆಯ ಅಜ್ಜಿ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಡುವಳೇ ಹೊರತು ಓದಲಾರಳು. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ದೊಡ್ಡ ಚರ್ಚೆಯನ್ನು ಇಲ್ಲಿ ಎತ್ತುವ ಉದ್ದೇಶ ನಮಗಿಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಹತ್ತು ಸಾಲಿನ ಒಂದು ಕನ್ನಡ ಚೀಟಿ, ಓದು ಬಾರದವರಿಗೆ ತುಳುವಿನಲ್ಲಿ ಎರಡು ಮಾತು, ಇಷ್ಟು ಸಾಕು. ಚೀಟಿ ಬರೆದುಕೊಡಲು ಈ ಊರಿನ ಕನ್ನಡ ಅಧ್ಯಾಪಕರು ಸಂಭಾವನೆ ಕೇಳುವವರಲ್ಲ.

ಹುಣ್ಣು ಮಾಯ್ದ ಮೇಲೂ ಕೆಲಸ ಉಳಿದಿರುತ್ತದೆ. ಮಾಯ್ದವರಲ್ಲಿ ನೂರಕ್ಕೆ 40 ಮಂದಿಗೆ ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ, ಏಕೆಂದರೆ ನರ ಹಿಂದಿನಂತಾಗುವುದಿಲ್ಲ. ಅಂಥವರಿಗೆ ಹವಾಯಿ ಚಪ್ಪಲಿ ಸಾಲದು. ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಬೇಕು, ಮನೆಯೊಳಗೆ ಹಾಕಿಕೊಳ್ಳಲು ಬೇರೆಯೇ ಒಂದು ಜೊತೆ ಬೇಕು. ಕೇರಳದಲ್ಲಿ ತಾಲೂಕು ಆಸ್ಪತ್ರೆಗಳು ಬ್ಲಾಕ್ ಪಂಚಾಯತಿನ ಅಧೀನದಲ್ಲಿಯೂ ಜಿಲ್ಲಾ ಆಸ್ಪತ್ರೆಗಳು ಜಿಲ್ಲಾ ಪಂಚಾಯತಿನ ಅಧೀನದಲ್ಲಿಯೂ ಇವೆ. 2025ರ ಡಿಸೆಂಬರ್ ಚುನಾವಣೆಯಲ್ಲಿ ಆರಿಸಿ ಬಂದ ಸದಸ್ಯರು ತಮ್ಮ ವಾರ್ಷಿಕ ಯೋಜನೆಯಲ್ಲಿ ಪ್ಲಾಸ್ಟರು, ತರಬೇತಿ, ಚಪ್ಪಲಿ ಎಂಬ ಮೂರು ಬಾಬ್ತುಗಳನ್ನು ಸೇರಿಸಲಿ. ಕಳೆದ ವರ್ಷ ತಮ್ಮ ಆಸ್ಪತ್ರೆಯಿಂದ ಎಷ್ಟು ಮಂದಿಯ ಕಾಲು ಕಡಿಯಲು ಕಳುಹಿಸಲಾಯಿತು, ಅವರಲ್ಲಿ ಎಷ್ಟು ಮಂದಿಗೆ ಅದಕ್ಕೆ ಮೊದಲು ಪ್ಲಾಸ್ಟರು ಹಾಕಿ ನೋಡಲಾಗಿತ್ತು ಎಂಬ ಎರಡು ಸಂಖ್ಯೆಗಳನ್ನು ಆಸ್ಪತ್ರೆ ಆಡಳಿತ ಸಮಿತಿಯ ಮುಂದಿನ ಸಭೆಯಲ್ಲಿ ಕೇಳಿ ಪಡೆಯಲಿ.